ಓಟಿನ ದಿನದ ಹಿಡಿ ಅಕ್ಕಿ

ಓಟಿನ ದಿನ ಕೇರಿಯ ಯಾವ ಮನೆಯಲ್ಲೂ ಒಲೆ ಹಚ್ಚಬಾರದು ಅನ್ನುವುದು ಕ್ರೈಸ್ತ ಸಭೆಯ ಉಪದೇಶಿ ಮೋಶಪ್ಪ ತಾತ ಹಾಕಿಕೊಟ್ಟ ಕಟ್ಟಳೆ. ಬೆಳಿಗ್ಗೆ ದೇವಾಲಯದ ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಭಾನುವಾರ ಉಡುವ ಬಿಳಿ ಬಟ್ಟೆ ಉಟ್ಟುಕೊಂಡು ಅಂಗಳಕ್ಕೆ ಬರಬೇಕು. ಅಲ್ಲಿ ಒಂದೇ ಗಡಿಗೆಯ ಅನ್ನ ಉಣ್ಣಬೇಕು. ಆಮೇಲೆ ಪ್ರಾರ್ಥನೆ ಮಾಡಿ, ಮುದುಕರನ್ನು ಮುಂದೆ ಬಿಟ್ಟುಕೊಂಡು, ಸಾಲು ಹಿಡಿದು ಶಾಲೆಗೆ ನಡೆದು ಓಟು ಹಾಕಿ ಬರಬೇಕು.

ಆ ಅನ್ನ ಎಂಥದ್ದೆಂದರೆ, ಕೇರಿಯ ಪ್ರಭುರಾಜನಿಗೆ ಈಗಲೂ ಬಾಯಲ್ಲಿ ಅದರ ರುಚಿ ಇದೆ. ಕೇರಿಯ ಹೆಂಗಸರು ದಿನಾ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಬಾಗಿಲ ಹಿಂದಿನ ಡಬ್ಬಿಗೆ ಹಾಕುತ್ತಿದ್ದರು. ಭಾನುವಾರ ಆ ಡಬ್ಬಿಯನ್ನು ದೇವಾಲಯದ ದೊಡ್ಡ ಮಣ್ಣಿನ ಹರವಿಗೆ ಸುರಿಯುತ್ತಿದ್ದರು. ಒಬ್ಬರದು ಕೆಂಪಕ್ಕಿ, ಒಬ್ಬರದು ರೇಷನ್ನಿನದು, ಒಬ್ಬರದು ನಾಟಿಗೆ ಹೋದಲ್ಲಿ ಕೂಲಿಯಾಗಿ ಸಿಕ್ಕ ನುಚ್ಚು. ಎಲ್ಲ ಕೂಡಿ ಬೆಂದರೆ ಅರ್ಧ ಕಾಳು ಹಿಟ್ಟಾಗುತ್ತಿದ್ದವು, ಅರ್ಧ ಹಲ್ಲಿಗೆ ಸಿಕ್ಕು ಕಟಕಟ ಅನ್ನುತ್ತಿದ್ದವು. ಅಪ್ಪನ ತೊಡೆಯ ಮೇಲೆ ಕೂತು, ಮುತ್ತಲ ಎಲೆಯಲ್ಲಿ ಬೇಳೆ ಸಾರು ಕಲಸಿ ಉಂಡದ್ದು ಅವನಿಗೆ ಹಬ್ಬದ ಹಾಗೆ ನೆನಪಿತ್ತು. ಕ್ರಿಸ್‌ಮಸ್ಸಿಗಿಂತ ಓಟೇ ಹೆಚ್ಚೆಂದು ಅವನು ಆಗ ತಿಳಿದಿದ್ದ.

ಒಮ್ಮೆ ಶಾಲೆಯ ಗೇಟಿನಲ್ಲಿ ಪೊಲೀಸಪ್ಪ ಈ ಬಿಳಿ ಸಾಲು ನೋಡಿ ಗಾಬರಿಯಾಗಿ, "ಯಾರ ಪಾರ್ಟಿ ಮೆರವಣಿಗಿ ಇದು?" ಅಂದಿದ್ದ.

"ಪಾರ್ಟಿ ಅಲ್ರಿ ಸಾಹೇಬ್ರ," ಅಂದಿದ್ದ ಮೋಶಪ್ಪ ತಾತ. "ಹೊಟ್ಟಿ ತುಂಬ ಉಂಡೀವಿ. ಕರಗಸಾಕ ಅಡ್ಡಾಡಾಕ ಹತ್ತೀವ್ರಿ."

ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ. ಕಾಲುವೆ ನೀರು ಬಂದು ಭತ್ತ ಬೆಳೆಯತೊಡಗಿದ ಮೇಲೆ ಕಾರಟಗಿ ಕಡೆಯ ಸಾವುಕಾರರು ಓಟಿನ ಹಿಂದಿನ ದಿನ ಕೇರಿಯವರನ್ನು ತೋಟಕ್ಕೆ ಕರೆದು ಕೋಳಿ ಕೊಯ್ದು ಅನ್ನ ಹಾಕುತ್ತಿದ್ದರು. ರೊಕ್ಕ ಇಸಕೊಂಡು ಕೈ ಕೊಡುವುದನ್ನು ಕೇರಿಯ ಮಂದಿ ಬೇಗ ಕಲಿತರು. ಅನ್ನ ಉಂಡು ಕೈ ಕೊಡುವುದು ಮಾತ್ರ ಅವರಿಂದ ಆಗಲಿಲ್ಲ. ಉಂಡ ಕೈ ಉಂಡಲ್ಲಿಗೇ ಮುದ್ರೆ ಒತ್ತಿ ಬರುತ್ತಿತ್ತು. ವರ್ಷವಿಡೀ ಬೈಸಿಕೊಂಡವರು, ಬೇರೆ ಲೋಟದಲ್ಲಿ ಚಹಾ ಕುಡಿದವರು, ಒಂದು ಹೊತ್ತಿನ ಕೋಳಿ ಸಾರಿಗೆ ಮರ್ಯಾದಸ್ಥರಾಗಿಬಿಡುತ್ತಿದ್ದರು. ಮೋಶಪ್ಪ ತಾತ ಪುಲ್ಪಿಟ್ಟಿನ ಮೇಲೆ ನಿಂತು ಎಷ್ಟೋ ಬೈದ. ಕೊನೆಗೆ ಬೈಯುವುದು ಬಿಟ್ಟು ಗಡಿಗೆ ಇಟ್ಟ. "ಆ ಗುಣ ಛಲೋ ಗುಣರೋ, ಅದನ್ನ ಬಿಡಬ್ಯಾಡ್ರಿ," ಅಂದಿದ್ದನಂತೆ. "ಆದ್ರ ಆವತ್ತ ಹೊಟ್ಟ್ಯಾಗ ಇರೋ ಅನ್ನ ನಮ್ಮದ ಇರಲಿ."

ತಾತ ಹೋದ ಮೇಲೆ ಗಡಿಗೆಯೂ ಹೋಯಿತು. ಹರವಿಯಲ್ಲಿ ಹಲ್ಲಿ ಮೊಟ್ಟೆ ಇಟ್ಟವು. ಓಟಿನ ದಿನ ಮನೆ ಬಾಗಿಲಿಗೇ ಆಟೋ, ಆಟೋದೊಳಗೆ ಬಿರಿಯಾನಿ ಪೊಟ್ಟಣ. ತಾತನನ್ನು ಹೂಳಿದ್ದು ಉಪಕಾಲುವೆಯ ದಂಡೆಯ ಮೇಲೆ. ಯಾಕೆಂದರೆ ಕೇರಿಗೆ ಸ್ಮಶಾನವೆಂಬುದೇ ಇರಲಿಲ್ಲ. ಹಿಂದೆ ಯಾವಾಗಲೋ ಊರ ದನ ಮೇಯುವ ಗಾಯರಾಣದ ಒಂದು ಮೂಲೆಯನ್ನು ಕೇರಿಯ ಸ್ಮಶಾನಕ್ಕೆಂದು ಹೇಳಿದ್ದರು. ಅಲ್ಲಿ ಈಗ ಪಂಚಾಯ್ತಿ ಮೆಂಬರ್ ಹಾಲೇಶನ ಭತ್ತ ತೂಗುತ್ತಿತ್ತು. ರೈಸ್ ಮಿಲ್ಲೂ ಅವನದೇ, ಮೆಂಬರಗಿರಿಯೂ ಅವನದೇ, ಗಾಯರಾಣವೂ ಅವನದೇ.

ಪ್ರಭುರಾಜ ಎಂಟನೇ ಇಯತ್ತೆಗೆ ಸಾಲಿ ಬಿಟ್ಟು ಅದೇ ಮಿಲ್ಲಿನಲ್ಲಿ ಚೀಲ ಹೊತ್ತವನು. ಈಗ ಭತ್ತ ಕೊಯ್ಯುವ ಮಷಿನ್ನಿನ ಡ್ರೈವರು. ಹೋದ ವರ್ಷ ಕಾಲುವೆಗೆ ನೀರು ಬಿಟ್ಟಾಗ ದಂಡೆ ಕುಸಿದು ಅವನ ಅಪ್ಪನ ಸಮಾಧಿ ಅರ್ಧ ನೀರಿಗೆ ಹೋಯಿತು. ಶಿಲುಬೆ ಕೆತ್ತಿದ ಕಲ್ಲು ಹುಡುಕುತ್ತ ಎದೆಮಟ್ಟದ ನೀರಿನಲ್ಲಿ ಅವನು ಹೊತ್ತು ಮುಳುಗುವವರೆಗೆ ಮುಳುಗಿ ಮುಳುಗಿ ಎದ್ದ. ಸಿಗಲಿಲ್ಲ. ದಂಡೆಯ ಮೇಲೆ ಕೂತು ನೋಡುತ್ತಿದ್ದ ಅಜ್ಜಿ ಹುಲಿಗವ್ವ, ಅವನು ಮೇಲೆ ಬಂದ ಮೇಲೆ ಸೆರಗಿನಿಂದ ಅವನ ತಲೆ ಒರೆಸಿದಳು.

"ನನ್ನನ್ನ ಮಾತ್ರ ಇಲ್ಲಿ ಇಡಬ್ಯಾಡೋ ಯಪ್ಪಾ," ಅಂದಳು. "ನನಗ ಈಸು ಬರಂಗಿಲ್ಲ."

ಆ ಮಾತು ಕೇಳಿ ಅವನಿಗೆ ನಗು ಬರಲಿಲ್ಲ. ಮೈಯೆಲ್ಲ ಉರಿಯಿತು.

ಪಂಚಾಯ್ತಿ ಓಟು ಬಂದಾಗ ಹಾಲೇಶನ ಎದುರು ನೇತ್ರಾವತಿ ನಿಂತಳು. ಪ್ರಭುರಾಜನ ದೊಡ್ಡಪ್ಪನ ಮಗಳು ಅವಳು, ನಾಟಿ ಹಚ್ಚುವ ಹೆಂಗಸರ ಗುಂಪಿನ ಮುಂದಾಳು, ಬಾಯಿ ಜೋರು. ಗೆದ್ದರೆ ಮೊದಲು ಗಾಯರಾಣ ಅಳೆಸುತ್ತೇನೆ ಅಂದಳು. ಹುಲಿಗವ್ವ ಒಂದೇ ಮಾತು ಹೇಳಿದಳು, "ಗಡಿಗಿ ಇಡ್ರಿ."

ಪ್ರಭುರಾಜ ಹರವಿ ತೊಳೆದು, ಮನೆಮನೆಗೆ ಡಬ್ಬಿ ಕೊಟ್ಟು ಬಂದ.

"ಬಿರಿಯಾನಿ ಬಿಟ್ಟು ಬ್ಯಾಳಿ ಸಾರು ಉಣ್ಣಂತಿಯಲ್ಲೋ," ಅಂದಳು ಹನುಮಂತಮ್ಮ, ಪಕ್ಕದ ಮನೆಯ ಗಟ್ಟಿ ಹೆಂಗಸು. "ನಿಮ್ಮಕ್ಕ ಗೆದ್ದ ಮ್ಯಾಲ ಎರಡು ತುಂಡು ಹಾಕತಾಳೇನು?"

"ಹಾಕ್ತಾಳ ಚಿಗವ್ವ. ಮೊದಲ ಅಕ್ಕಿ ಹಾಕು."

ಗಂಗಾವತಿಯಿಂದ ಭಾನುವಾರಕ್ಕೊಮ್ಮೆ ಬರುವ ಪಾಸ್ಟರು ಹರವಿ ನೋಡಿ ಗಂಟಲು ಸರಿಮಾಡಿಕೊಂಡರು. "ಪ್ರಭು, ದೇವಾಲಯದಾಗ ರಾಜಕೀಯ ಬ್ಯಾಡಪ್ಪ."

"ಅನ್ನ ಉಣ್ಣೋದು ಯಾವ ರಾಜಕೀಯರಿ ಅಯ್ನಾರ? ಇಂಥವರಿಗೇ ಹಾಕ್ರಿ ಅಂತ ನಾವು ಯಾರಿಗೂ ಹೇಳಂಗಿಲ್ಲ. ಮೋಶಪ್ಪ ತಾತನೂ ಹೇಳಿರಲಿಲ್ಲ."

ಪಾಸ್ಟರು ಬ್ಯಾಗಿನಿಂದ ತಮ್ಮ ಊಟದ ಡಬ್ಬಿ ತೆಗೆದು ನೋಡಿ, "ನನ್ನದು ಬೆಂದ ಅನ್ನ ಐತಲ್ಲ. ಮುಂದಿನ ವಾರ ತರ್ತೀನಿ," ಅಂದರು. ತಂದರು ಕೂಡ.

ಓಟಿನ ಬೆಳಿಗ್ಗೆ ಗಂಟೆ ಬಾರಿಸಿದಾಗ, ಯಾರು ಬರುತ್ತಾರೋ ಇಲ್ಲವೋ ಎಂದು ಪ್ರಭುರಾಜ ಬಾಗಿಲಲ್ಲೇ ನಿಂತಿದ್ದ. ಬಂದರು. ಟ್ರಂಕಿನ ವಾಸನೆಯ ಬಿಳಿ ಸೀರೆಗಳು, ಮಡಿಕೆ ಬಿಚ್ಚದ ಅಂಗಿಗಳು. ಹನುಮಂತಮ್ಮ ಬಿರಿಯಾನಿ ಆಟೋವನ್ನು ವಾಪಸ್ ಕಳಿಸಿ ಬಂದಿದ್ದಳು. ಬೇವಿನ ಗಿಡದ ಕೆಳಗೆ ಒಲೆಯ ಮುಂದೆ ಸಭೆಯ ಹಿರಿಯ ಹೊಳಿಯಪ್ಪ ಬೆವರು ಒರೆಸಿಕೊಳ್ಳುತ್ತ ಅನ್ನ ಇಳಿಸುತ್ತಿದ್ದ. ಅವನು ಹಾಲೇಶನ ಮಿಲ್ಲಿನಲ್ಲಿ ಹಮಾಲಿ. ಆ ದಿನದ ಮಟ್ಟಿಗೆ ಅಡುಗೆ ಭಟ್ಟ.

ಅನ್ನ ಬೆಳ್ಳಗಿತ್ತು, ಒಂದೊಂದು ಕಾಳೂ ಬಿಡಿಬಿಡಿ. ಹಲ್ಲಿಗೆ ಏನೂ ಸಿಗಲಿಲ್ಲ. ತಾನು ಚಿಕ್ಕಂದಿನಲ್ಲಿ ಉಂಡದ್ದು ಹೀಗಿರಲಿಲ್ಲವಲ್ಲ ಅಂತ ಪ್ರಭುರಾಜನಿಗೆ ಅನ್ನಿಸಿತು. ಈಗ ರೇಷನ್ ಅಕ್ಕಿಯೂ ಸುಧಾರಿಸಿರಬೇಕು ಅಂದುಕೊಂಡು ಎರಡನೇ ಸಲ ಹಾಕಿಸಿಕೊಂಡ. ಮಗ್ಗುಲಲ್ಲಿ ಅಪ್ಪ ಕೂತಿದ್ದರೆ ಹೇಗಿರುತ್ತಿತ್ತು ಎಂದು ನೆನೆದ. ಹುಲಿಗವ್ವ ಮಾತ್ರ ಬಾಯಲ್ಲಿಟ್ಟ ಅನ್ನವನ್ನು ಬಹಳ ಹೊತ್ತು ಅಗಿದಳು.

ಪ್ರಾರ್ಥನೆ ಮುಗಿದು ಸಾಲು ಹಿಡಿಯುವಾಗ ಹಾಲೇಶನ ಬುಲೆಟ್ ಬಂದು ಅಂಗಳದ ಮುಂದೆ ನಿಂತಿತು. ಅವನು ಗಾಡಿಯಿಂದ ಇಳಿಯಲಿಲ್ಲ.

"ಊಟ ಆತೇನ್ರಪ?" ಅಂದ. "ಹೆಂಗಿತ್ತು ನಮ್ಮ ಮಿಲ್ಲಿನ ಸೋನಾ ಮಸೂರಿ? ಉದುರುದುರು ಆಗಿತ್ತಿಲ್ಲೋ? ನಮ್ಮಪ್ಪನ ಕಾಲದಾಗ ನಿಮಗ ಅನ್ನ ಹಾಕಾಕ ತ್ವಾಟಕ್ಕ ಕರೀಬೇಕಾಗತಿತ್ತು. ಈಗ ನಿಮ್ಮ ದೇವರ ಮನಿಗೇ ಮುಟ್ಟಿಸಿದ್ನಿ ನೋಡ್ರಿ."

ಅಷ್ಟು ಹೇಳಿ, ಗಾಡಿ ತಿರುಗಿಸಿಕೊಂಡು ಹೋದ.

ಎಲ್ಲರೂ ಹೊಳಿಯಪ್ಪನ ಕಡೆ ತಿರುಗಿದರು.

"ಹರವಿ ಅರ್ಧಕ್ಕೂ ಬಂದಿರಲಿಲ್ಲೋ ಪ್ರಭು," ಅಂದ ಹೊಳಿಯಪ್ಪ, ನೆಲ ನೋಡುತ್ತ. "ಬಂದ ಮಂದಿಗೆ ಸಾಲದಿದ್ರ ಸಭಾದ ಮರ್ಯಾದಿ ಏನಾತು? ಸಾವುಕಾರ್ರು ದೇವಾಲಯಕ್ಕ ಕಾಣಿಕಿ ಅಂತ ಒಂದು ಚೀಲ ಕೊಟ್ರು. ಓಟಿನ ಸುದ್ದೀನ ತೆಗೀಲಿಲ್ಲ. ಕಾಣಿಕಿ ಬ್ಯಾಡ ಅನ್ನಾಕ ಬರತೈತೇನು?"

"ಅವನ ಅಕ್ಕಿ ತಂದು ಈ ಗಡಿಗಿಗೆ ಹಾಕಿದ್ಯಾ? ಈ ಗಡಿಗಿಗೆ?" ಪ್ರಭುರಾಜನ ದನಿ ಒಡೆಯಿತು. ಗಡಿಗೆಯನ್ನು ಒದೆಯಲು ಕಾಲೆತ್ತಿದ. ಅನ್ನ ಇತ್ತು ಅದರಲ್ಲಿ. ಕಾಲು ಇಳಿಸಿದ.

ಅಷ್ಟರಲ್ಲಿ ಮುದುಕರು ಒಬ್ಬೊಬ್ಬರಾಗಿ ಕಟ್ಟೆಯ ಮೇಲೆ ಕೂತುಬಿಟ್ಟಿದ್ದರು. ಹನುಮಂತಮ್ಮನೂ ಕೂತಳು.

"ಏಳ್ರಿ, ಏನಾಗೇತಿ ಈಗ?" ಅಂದ ಪ್ರಭುರಾಜ. "ಉಂಡ್ರಿ, ಮುಗೀತು. ಒಳಗ ಹೋಗಿ ಯಾರಿಗೆ ಒತ್ತತೀರಿ ಅಂತ ಅವನೇನು ಇಣಿಕಿ ನೋಡತಾನ?"

"ಅವ ನೋಡಂಗಿಲ್ಲೋ ತಮ್ಮಾ," ಅಂದಳು ಹನುಮಂತಮ್ಮ. "ಹೊಟ್ಟಿಗೆ ಗೊತ್ತಾಗತೈತಲ್ಲ."

"ಗಾಯರಾಣ ತಿಂದವನಿಗೆ ಹೊಟ್ಟಿ ಇಲ್ಲೇನು? ನಮಗಷ್ಟ ಐತೇನು?"

"ಅವನ ಹೊಟ್ಟಿ ಅವಂದು. ನಮ್ಮ ಹೊಟ್ಟಿ ನಮ್ಮದು."

ನೇತ್ರಾವತಿ ಸಾರಿನ ಸೌಟು ಹಿಡಿದುಕೊಂಡೇ ನಿಂತಿದ್ದಳು. ಇವಳಿಗೂ ಹೊಟ್ಟೆ ಮಾತಾಡುತ್ತಿದೆಯಲ್ಲ ಎಂದು ಪ್ರಭುರಾಜನಿಗೆ ಕಂಡಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ತನ್ನ ಮೇಲೆ. ಎರಡನೇ ಸಲ ಹಾಕಿಸಿಕೊಂಡ ಆ ಅನ್ನ ಅವನ ಹೊಟ್ಟೆಯಲ್ಲೂ ಕಲ್ಲಿನ ಹಾಗೆ ಕೂತಿತ್ತು.

ಆಗ ಹುಲಿಗವ್ವ ಕೋಲು ಊರಿ ಎದ್ದಳು.

"ಬಾಯಾಗ ಇಟ್ಟಾಗಲೇ ನನಗ ಗೊತ್ತಾತು," ಅಂದಳು. "ನಮ್ಮ ಗಡಿಗಿ ಅನ್ನ ಇಷ್ಟು ನಯ ಯಾವಾಗ ಇತ್ತು? ಹೇಳಿದ್ರ ಮಂದಿ ಅರ್ಧ ಊಟಕ್ಕ ಏಳತಾರ ಅಂತ ಸುಮ್ನಾದೆ. ಉಂಡಿದ್ದನ್ನ ಕಕ್ಕಾಕ ಬರಂಗಿಲ್ಲ. ಕೊಡಾಕ ಬರತೈತಿ. ನಡೀರಿ, ಮನ್ಯಾಗ ಎಂಥಾ ಅಕ್ಕಿ ಇದ್ರೂ ಒಂದೊಂದು ಹಿಡಿ ತರ್ರಿ."

ಸ್ವಲ್ಪ ಹೊತ್ತಿಗೆ ಮುಚ್ಚಿದ ಮುಷ್ಟಿಗಳು, ಗಂಟು ಕಟ್ಟಿದ ಸೆರಗುಗಳು ಅಂಗಳಕ್ಕೆ ವಾಪಸ್ ಬಂದವು. ಹೊಳಿಯಪ್ಪ ಎರಡೂ ಕೈ ತುಂಬ ತಂದಿದ್ದ.

ಶಾಲೆಗೆ ಹೋಗುವ ದಾರಿಯಲ್ಲೇ ಹಾಲೇಶನ ಮನೆ. ಬಿಳಿ ಸಾಲು ಅವನ ಕಟ್ಟೆಯ ಮುಂದೆ ನಿಂತಿತು. ಹುಲಿಗವ್ವ ಮುಂದೆ ಹೋಗಿ, ಕೈ ಚಾಚಿ, ಮುಷ್ಟಿ ಬಿಚ್ಚಿದಳು. ರೇಷನ್ ಅಕ್ಕಿ ಕಲ್ಲು ಚಪ್ಪಡಿಯ ಮೇಲೆ ಸರ್ ಎಂದು ಬಿತ್ತು.

"ನಿಮ್ಮದು ನಿಮಗ ಮುಟ್ಟಿತ್ರೀ ಸಾವುಕಾರ."

ಹಾಲೇಶ ಹೊರಗೆ ಬಂದು ಕಣ್ಣು ಕಿರಿದು ಮಾಡಿದ. "ಏನಬೇ ಇದು ನಾಟಕ?"

ಅವನ ಹಿಂದೆ ಅವನ ತಾಯಿ ಶೇಖರಮ್ಮ ಬಂದಳು. ಹುಲಿಗವ್ವನಷ್ಟೇ ವಯಸ್ಸಾಗಿತ್ತು ಅವಳಿಗೂ. ಕಟ್ಟೆಯ ಮೇಲಿನ ಅಕ್ಕಿ ನೋಡಿದಳು, ಸಾಲು ನೋಡಿದಳು, ಒಳಗೆ ಹೋದಳು. ಬರುವಾಗ ಕೈಯಲ್ಲಿ ಮೊರ ಇತ್ತು. ಬಿದ್ದ ಅಕ್ಕಿಯನ್ನು ಬಳಿದು ಅದಕ್ಕೆ ತುಂಬಿಕೊಂಡು, ಮೊರವನ್ನು ಸಾಲಿನ ಮುಂದೆ ಹಿಡಿದಳು.

"ಅವ್ವ, ಒಳಗ ನಡಿ ನೀ."

"ಅಕ್ಕಿ ನೆಲಕ್ಕ ಬೀಳಬಾರದು. ಸುಮ್ನಿರು," ಅಂದಳು ಶೇಖರಮ್ಮ. ಆಮೇಲೆ ಹುಲಿಗವ್ವನಿಗೆ, "ನಿಮ್ಮ ಮೋಶಪ್ಪ ಇದ್ದಾಗ ನಮ್ಮ ಮನಿಯವರು ಮಾಡಿಸಿದ ಕೋಳಿ ಅನ್ನ ಹಂಗಂಗ ಉಳೀತಿತ್ತು. ನಾನ ನಾಯಿಗೆ ಹಾಕೀನಿ. ನೆನಪೈತೇನ?"

"ಐತ್ರೀ ಅಮ್ಮಾರ. ನಿಮ್ಮ ನಾಯಿ ಆವಾಗ ಭಾಳ ದಪ್ಪ ಇತ್ತು."

ಶೇಖರಮ್ಮ ನಕ್ಕಳು. ಕೇರಿಯ ಒಬ್ಬೊಬ್ಬರೂ ಬಂದು ಹಿಡಿ ಬಿಚ್ಚಿದರು. ಕೆಂಪು, ಬಿಳಿ, ನುಚ್ಚು, ದಪ್ಪಕ್ಕಿ ಒಂದರ ಮೇಲೊಂದು ಬಿದ್ದು ಮೊರದಲ್ಲಿ ಗುಡ್ಡೆಯಾಯಿತು. ತನ್ನ ಸರದಿ ಬಂದಾಗ ಪ್ರಭುರಾಜ ಆ ಗುಡ್ಡೆಯನ್ನೇ ನೋಡುತ್ತ ನಿಂತುಬಿಟ್ಟ. ತಾನು ಚಿಕ್ಕಂದಿನಲ್ಲಿ ಉಂಡ ಅಕ್ಕಿ ಅದೇ. ಇಷ್ಟು ವರ್ಷ ಎಲ್ಲಿ ಹೋಗಿತ್ತೋ, ಈಗ ಸಾವುಕಾರನ ಮೊರದಲ್ಲಿತ್ತು.

"ಹಾಕೋ, ಕೈ ನೋಯ್ತಾವು," ಅಂದಳು ಶೇಖರಮ್ಮ.

ಅವನು ಎರಡು ಸಲ ಉಂಡಿದ್ದ. ಎರಡು ಹಿಡಿ ಹಾಕಿದ.

ಸಾಲು ಶಾಲೆಯ ಕಡೆ ತಿರುಗಿತು. ಹುಲಿಗವ್ವ ಎಲ್ಲರಿಗಿಂತ ಮೊದಲು ಒಳಗೆ ಹೋಗಿ, ಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದಳು. ಯಾರಿಗೆ ಒತ್ತಿದೆ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನೇತ್ರಾವತಿ ಗೆದ್ದಳು. ಗೆದ್ದ ಮೇಲೆಯೂ ಗಾಯರಾಣ ಅಳೆಸಲು ಸರ್ವೆಯವರ ಹಿಂದೆ ಅವಳು ತಿರುಗಿದ್ದು ಬೇರೆಯೇ ಕಥೆ. ಪ್ರಭುರಾಜ ಎಷ್ಟು ಸಲ ಆಫೀಸಿನ ಮೇಜು ಗುದ್ದಿ ಹೊರಗೆ ಹಾಕಿಸಿಕೊಂಡನೋ ಲೆಕ್ಕವಿಲ್ಲ. ಅಂತೂ ಬೇಸಿಗೆಯ ಭತ್ತ ಕೊಯ್ದ ಮೇಲೆ ಆ ಮೂಲೆಗೆ ಕೇರಿಯ ಸ್ಮಶಾನವೆಂದು ಗಡಿ ಕಲ್ಲು ನೆಟ್ಟರು. ಕೊಯ್ದ ಮಷಿನ್ನು ಓಡಿಸಿದವನು ಪ್ರಭುರಾಜನೇ.

ಮುಂಗಾರು ಹಿಡಿಯುವ ಮೊದಲು ಹುಲಿಗವ್ವ ತೀರಿಕೊಂಡಳು. ಗಾಯರಾಣದ ಮೂಲೆಯಲ್ಲಿ, ಕಾಲುವೆಗೆ ದೂರ, ಜಾಲಿ ಗಿಡದ ಮಗ್ಗುಲಲ್ಲಿ ಗುಣಿ ತೋಡಿದರು. ನೆಲದಲ್ಲಿ ಇನ್ನೂ ಭತ್ತದ ಕೂಳೆ ಇತ್ತು. ಪಾಸ್ಟರು ಓದಿ ಮುಗಿಸಿದ ಮೇಲೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಹಿಂದಿನಿಂದ ಆಟೋದಲ್ಲಿ ಶೇಖರಮ್ಮ ಬಂದಳು. ಅವಳೂ ಒಂದು ಹಿಡಿ ಹಾಕಿ ಹೋದಳು.

ಪ್ರಭುರಾಜ ಎಲ್ಲರೂ ಹಾಕುವವರೆಗೆ ಮುಷ್ಟಿ ಬಿಗಿದುಕೊಂಡೇ ನಿಂತಿದ್ದ. ಮಣ್ಣು ಒಣಗಿತ್ತು. ಒದ್ದೆ ಇರಲಿಲ್ಲ.

"ಹಾಕೋ ಮಾರಾಯ," ಅಂದ ಹೊಳಿಯಪ್ಪ, ಮೂಗು ಒರೆಸಿಕೊಳ್ಳುತ್ತ. "ಮತ್ತ ಈಗಲೇ ಹೇಳತೀನಿ, ಆ ಜಾಲಿ ನೆರಳಿನ ಬಾಜೂ ಜಾಗ ನಂದು. ಯಾರೂ ಮೊದಲ ಬಂದು ಮಲಗಬ್ಯಾಡ್ರಿ."