ನೀರು ಬಿಡು

ಅಕ್ಕ ನನ್ನನ್ನು ನಂಬಿ ಏನನ್ನೂ ಕೊಟ್ಟವಳಲ್ಲ. ಅದರಲ್ಲಿ ಅವಳ ತಪ್ಪಿಲ್ಲ. ಚಿಕ್ಕಂದಿನಲ್ಲಿ ಅವಳ ಛತ್ರಿಯನ್ನು ಮೂರು ಸಲ ಕಳೆದಿದ್ದೇನೆ, ಮದುವೆ ಫೋಟೋದ ಮೇಲೆ ಶಾಯಿ ಚೆಲ್ಲಿದ್ದೇನೆ, ಅವಳ ಸೈಕಲ್ ಒಯ್ದು ಬೇರೆ ಯಾರದೋ ಸೈಕಲ್ ತಂದು ಎರಡು ದಿನ ಗೊತ್ತೇ ಆಗದೆ ಓಡಿಸಿದ್ದೇನೆ. ಅಂಥ ಅಕ್ಕ ಮಗಳ ಹೆರಿಗೆಗೆಂದು ನಾಲ್ಕು ತಿಂಗಳು ಹೊರಟಾಗ ತನ್ನ ನಾಲ್ಕು ಕುಂಡಗಳನ್ನು ನನ್ನ ಮನೆಗೆ ತಂದಿಟ್ಟಳು. ನಲವತ್ತಾರನೆಯ ವಯಸ್ಸಿನಲ್ಲಿ ನನ್ನ ತಲೆಗೆ ಎರಡು ಕೋಡು ಮೂಡಿದವು.

ಅವುಗಳಲ್ಲಿ ಮೂರು ಯಾರ ಮನೆಯಲ್ಲಾದರೂ ಇರುವಂಥ ಗಿಡಗಳು. ನಾಲ್ಕನೆಯದು ಭಾವನದು, ದಪ್ಪ ಎಲೆಗಳ ಜೇಡ್ ಗಿಡ. ಒಂಬತ್ತು ವರ್ಷದ ಹಿಂದೆ ಭಾವ ಆಫೀಸಿನ ಕಿಟಕಿಯ ಬಳಿ ಉದುರಿದ್ದ ಒಂದೇ ಒಂದು ಎಲೆಯನ್ನು ಅಂಗಿ ಜೇಬಿನಲ್ಲಿ ಹಾಕಿಕೊಂಡು ಬಂದು ಬೆಳೆಸಿದ್ದು. ಭಾವ ಹೋಗಿ ಎರಡು ವರ್ಷವಾಯಿತು. ಅಕ್ಕ ಬೆಳಿಗ್ಗೆ ಎದ್ದು ಮೊದಲು ಮಾತಾಡಿಸುವುದು ಆ ಗಿಡವನ್ನು. ಭಾವನದು ಅಂತ ಆ ಮನೆಯಲ್ಲಿ ಜೀವ ಇರುವುದು ಅದೊಂದಕ್ಕೇ.

ಪ್ರತಿ ಕುಂಡಕ್ಕೂ ಅಕ್ಕ ಚೀಟಿ ಅಂಟಿಸಿದ್ದಳು. ಮನಿ ಪ್ಲಾಂಟಿಗೆ: 'ಕಿಟಕಿಯಿಂದ ಸ್ವಲ್ಪ ದೂರ ಇಡು. ಮೇಲಿನ ಮಣ್ಣು ಒಣಗಿದರೆ ಒಂದು ಲೋಟ.' ಜರೀಗಿಡಕ್ಕೆ: 'ನೇರ ಬಿಸಿಲು ಬೇಡವೇ ಬೇಡ. ಮಣ್ಣು ಒಣಗಬಾರದು. ಬಚ್ಚಲುಮನೆ ಕಿಟಕಿ ಆದೀತು.' ಕತ್ತಿಯ ಹಾಗೆ ನೆಟ್ಟಗೆ ನಿಂತಿದ್ದ ಸ್ನೇಕ್ ಪ್ಲಾಂಟಿಗೆ: 'ಎಲ್ಲಾದರೂ ಇಡು. ಇಪ್ಪತ್ತು ದಿನಕ್ಕೊಮ್ಮೆ ನೆನಪಾದರೆ ಸಾಕು.' ಭಾವನ ಗಿಡಕ್ಕೆ: 'ಬಿಸಿಲು ಬೀಳುವ ಕಡೆ ಇಡು. ಚಳಿ ಮುಗಿಯುವವರೆಗೂ ನೀರು ಬಿಡು.'

ಬಿಟ್ಟೆ.

ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ನಲವತ್ತು ಸಲ ಹೇಳುವುದು ಒಂದೇ ಮಾತು: "ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಬಿಡಿ." ಬಿಡುವುದು ಎಂದರೆ ನನ್ನ ಪಾಲಿಗೆ ಒಳಗಿದ್ದದ್ದನ್ನು ಹೊರಗೆ ಬಿಡುವುದು. ಲೋಟದೊಳಗಿದ್ದ ನೀರನ್ನು ಕುಂಡಕ್ಕೆ ಬಿಟ್ಟೆ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಚಳಿ ಜೋರಾದಾಗ, ಪಾಪ ಅನ್ನಿಸಿ, ಉಗುರು ಬೆಚ್ಚಗೆ ಮಾಡಿ ಬಿಟ್ಟೆ.

ಭಾವನ ಎದೆಯ ಎಕ್ಸ್‌ರೇ ತೆಗೆದದ್ದೂ ನಾನೇ. "ಬಿಡಿ ಭಾವ," ಎಂದಾಗ ಅವರು, "ಬಿಡ್ಲೇಬೇಕೇನಯ್ಯ?" ಎಂದು ನಕ್ಕಿದ್ದರು. ನಾನೂ ನಕ್ಕಿದ್ದೆ. ಚಿತ್ರ ತೆರೆಯ ಮೇಲೆ ಬಂದಾಗ ನನ್ನ ನಗು ಅಲ್ಲೇ ನಿಂತಿತು. ಅವರೆಂದರೆ ನನಗೆ ತುಂಬ ಇಷ್ಟ. ಛತ್ರಿ ಕಳೆದವನನ್ನು 'ಸಾಹೇಬ್ರು' ಅಂತ ಕರೆಯುತ್ತಿದ್ದವರು ಈ ಲೋಕದಲ್ಲಿ ಅವರೊಬ್ಬರೇ. ಹಾಗಾಗಿ ಅವರ ಗಿಡಕ್ಕೆ ಎಲ್ಲಕ್ಕಿಂತ ಒಂದು ಕೈ ಹೆಚ್ಚೇ ಉಪಚಾರ ಮಾಡಿದೆ.

ವಾರಕ್ಕೊಮ್ಮೆ ಅಕ್ಕನ ಫೋನು ಬರುತ್ತಿತ್ತು.

"ಭಾವನ ಗಿಡಕ್ಕೆ ನೀರು ಬಿಟ್ಟಿದೀಯ ತಾನೆ?"

"ನೀನು ಹೋದ ದಿನದಿಂದ್ಲೇ ಬಿಟ್ಟಿದೀನಿ ಅಕ್ಕ."

"ಪರವಾಗಿಲ್ವೋ! ನಿನ್ನ ಕೈ ಸುಮ್ನಿರಲ್ಲ, ಬಿಡೋದು ಕಷ್ಟ ಅಂದ್ಕೊಂಡಿದ್ದೆ."

"ನಾನು ಮೊದ್ಲಿನ ಹಾಗಿಲ್ಲ ಈಗ," ಎಂದೆ, ಎದೆಯುಬ್ಬಿಸಿ. ಫೋನಿಟ್ಟು, ಆ ಖುಷಿಗೆ ಗಿಡಕ್ಕೆ ಇನ್ನೊಂದು ಲೋಟ ಬಿಟ್ಟೆ.

ಎರಡನೆಯ ತಿಂಗಳು ಎಲೆಗಳು ಹಳದಿಗೆ ತಿರುಗಿದವು. ಮುಟ್ಟಿದರೆ ಉದುರಿದವು. ಬಾಯಾರಿರಬೇಕು ಎಂದುಕೊಂಡು ದೊಡ್ಡ ಲೋಟ ಹುಡುಕಿದೆ. ಒಂದು ಬೆಳಿಗ್ಗೆ ಕಾಂಡವನ್ನು ಒತ್ತಿ ನೋಡಿದರೆ ಬೆಂದ ಆಲೂಗಡ್ಡೆಯ ಹಾಗೆ ಮೆತ್ತಗಿತ್ತು. ಬುದ್ಧಿ ಇದ್ದವನು ಗಿಡ ಮಾರುವವರ ಬಳಿ ಹೋಗುತ್ತಿದ್ದ. ನಾನು ಕುಂಡವನ್ನು ಚೀಲದಲ್ಲಿಟ್ಟು ಆಸ್ಪತ್ರೆಗೆ ಹೊತ್ತೊಯ್ದೆ. ಊಟದ ಹೊತ್ತಿಗೆ ರೋಗಿಗಳು ಇಲ್ಲದ್ದು ನೋಡಿ ಮೇಜಿನ ಮೇಲಿಟ್ಟು ಎಕ್ಸ್‌ರೇ ತೆಗೆದೆ. ಗೊತ್ತಿರುವುದು ಅದೊಂದೇ ವಿದ್ಯೆ, ಏನು ಮಾಡಲಿ? ಮೆಷಿನ್ನು ವಯಸ್ಸು ಕೇಳಿತು, ಗಂಡೋ ಹೆಣ್ಣೋ ಕೇಳಿತು. ಒಂಬತ್ತು, ಗಂಡು ಎಂದು ತುಂಬಿದೆ.

ಚಿತ್ರಗಳು ತಾವಾಗಿಯೇ ಪಕ್ಕದ ಕೋಣೆಯಲ್ಲಿ ಅವನ್ನು ಓದುವ ಡಾಕ್ಟರಮ್ಮನ ತೆರೆಗೆ ಹೋಗುತ್ತವೆ. ಅದು ಮರೆತೇಹೋಗಿತ್ತು. ಎರಡು ನಿಮಿಷಕ್ಕೆ ಬಾಗಿಲು ತೆರೆಯಿತು.

"ಯಾರ್ರೀ ಇದು, ಒಂಬತ್ತು ವರ್ಷದ ಗಂಡು? ಒಂದು ಎಲುಬೂ ಇಲ್ಲ. ಎಲ್ಲಾ ಬೆಳ್ಳಗೆ, ಪೂರ್ತಿ ನೀರು ತುಂಬಿದೆ. ಈ ರೋಗಿ ಬದುಕಿದಾನಾ?"

ಬದಿಗೆ ಸರಿದು ಕುಂಡ ತೋರಿಸಿದೆ. ಅವರ ಕಿಟಕಿಯಲ್ಲೂ ಗಿಡಗಳಿವೆ. ಮಣ್ಣು ಮೂಸಿ ಮುಖ ಕಿವುಚಿದರು.

"ಇಷ್ಟು ನೀರು ಹಾಕೋಕೆ ಯಾರು ಹೇಳಿದ್ರು?"

ಕೈಯಲ್ಲಿ ಸಾಕ್ಷಿ ಇತ್ತಲ್ಲ, ಜಂಬದಿಂದಲೇ ಚೀಟಿ ಕಿತ್ತು ಕೊಟ್ಟೆ. ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ರೋಗಿಗಳ ಸ್ಟೂಲಿನ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನೀರು ಬಿಡು ಅಂದ್ರೆ ನೀರು ಹಾಕೋದನ್ನ ಬಿಡು ಅಂತ! ಸಿಗರೇಟ್ ಬಿಡಿ ಅಂದ್ರೆ ಏನ್ ಅರ್ಥ ಮಾಡ್ಕೊತೀರಿ ನೀವು? ಆ ದಪ್ಪ ಎಲೆಗಳೇ ಇದರ ನೀರಿನ ಟ್ಯಾಂಕು. ಚಳಿಯಲ್ಲಿ ಇದು ನಿದ್ದೆ ಮಾಡುತ್ತೆ. ನಿದ್ದೆ ಮಾಡೋರ ಬಾಯಿಗೆ ದಿನಾ ನೀರು ಸುರಿದ್ರೆ ಹೇಗ್ರೀ?"

ಅಕ್ಕನ ಫೋನುಗಳೆಲ್ಲ ಒಂದೊಂದಾಗಿ ನೆನಪಾದವು. ಭಾವ ಹೋದ ಮೇಲೆ ಉಳಿದಿದ್ದನ್ನೂ ನಾನು ಮುಗಿಸಿದೆ, ಅದೂ ನೀರು ಬೆಚ್ಚಗೆ ಮಾಡಿ.

ಡಾಕ್ಟರಮ್ಮ ನಗು ನಿಲ್ಲಿಸಿ ಬ್ಲೇಡು ತಂದರು. ಇಡೀ ಗಿಡದಲ್ಲಿ ಗಟ್ಟಿಯಿದ್ದದ್ದು ತುದಿಯ ಒಂದು ಬೆರಳುದ್ದದ ರೆಂಬೆ. ಅದನ್ನು ಕತ್ತರಿಸಿ ನನ್ನ ಅಂಗೈಯಲ್ಲಿಟ್ಟರು. "ಒಂದು ವಾರ ಹೀಗೇ ಒಣಗಲಿ. ಆಮೇಲೆ ಮರಳು ಬೆರೆಸಿದ ಒಣ ಮಣ್ಣಲ್ಲಿ ಸಿಕ್ಕಿಸಿ ಬೆಳಕಿಗಿಡಿ. ಬೇರು ಬಿಡೋವರೆಗೂ ಒಂದು ಹನಿಯೂ ಬೇಡ."

"ಇಲ್ಲಿ ಬಿಡೋದು ಅಂದ್ರೆ?" ಎಂದು ಕೇಳಿದೆ. ಇನ್ನು ಮುಂದೆ ಕೇಳಿಯೇ ಮಾಡುವುದೆಂದು ತೀರ್ಮಾನಿಸಿದ್ದೆ.

ಆಮೇಲಿನ ಎಂಟು ವಾರ ಏನೂ ಮಾಡದೆ ಇದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಲೋಟವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಿಟಕಿಯ ಮುಂದೆ ಓಡಾಡಿದೆ. ಅಕ್ಕ ಫೋನಿನಲ್ಲಿ ಎಂದಿನಂತೆ ಕೇಳಿದರೆ "ಬಿಟ್ಟಿದೀನಿ" ಎಂದೆ. ಈಗ ಅದು ನಿಜ. ಉಳಿದದ್ದನ್ನು ಹೇಳುವ ಧೈರ್ಯ ಬರಲಿಲ್ಲ.

ಅಕ್ಕ ಸ್ಟೇಷನ್ನಿನಿಂದ ನೇರ ನನ್ನ ಮನೆಗೇ ಬಂದಳು. ಬ್ಯಾಗು ಕೆಳಗಿಡುವ ಮೊದಲೇ ಅವಳ ಕಣ್ಣು ಕಿಟಕಿಗೆ ಹೋಯಿತು. ಅಲ್ಲಿ ದೊಡ್ಡ ಕುಂಡ ಖಾಲಿ. ಪಕ್ಕದ ಪುಟ್ಟ ಕುಂಡದಲ್ಲಿ ಬೆರಳುದ್ದದ ರೆಂಬೆ.

"ಎಲ್ಲಿ?" ಎಂದಳು.

ಮೂರು ದಿನದಿಂದ ಬಾಯಿಪಾಠ ಮಾಡಿದ್ದ ಭಾಷಣ ಮರೆತುಹೋಯಿತು. ಚೀಟಿ ಕೊಟ್ಟೆ. "ನಾನು ಬಿಟ್ಟೆ ಅಕ್ಕ. ದಿನಕ್ಕೆ ಎರಡು ಲೋಟ."

ತನ್ನದೇ ಅಕ್ಷರವನ್ನು ಅಕ್ಕ ಬಹಳ ಹೊತ್ತು ನೋಡಿದಳು. ನಗಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಕುರ್ಚಿಯಲ್ಲಿ ಕೂತಳು. ಕಣ್ಣು ತುಂಬಿ ಬಂತು. ಅವಳ ಅಷ್ಟೂ ಛತ್ರಿಗಳನ್ನು ತಂದುಕೊಡಬೇಕು ಅನ್ನಿಸಿತು ನನಗೆ.

ಆಮೇಲೆ ಎದ್ದು ಕಿಟಕಿಯ ಬಳಿ ಹೋದಳು. ಎರಡು ಬೆರಳಲ್ಲಿ ರೆಂಬೆಯನ್ನು ಹಿಡಿದು ಮೆಲ್ಲಗೆ ಎಳೆದಳು. ಯಾರೂ ಹೇಳದೆಯೇ ನಾನು ಉಸಿರು ಹಿಡಿದೆ. ರೆಂಬೆ ಬರಲಿಲ್ಲ. ಇನ್ನೊಮ್ಮೆ ಎಳೆದಳು. ಪುಟ್ಟ ಕುಂಡವೇ ಜೊತೆಗೆ ಮೇಲೆದ್ದಿತು.

"ಬೇರು ಬಿಟ್ಟಿದೆ," ಎಂದಳು.

ಚೀಟಿಯನ್ನು ಮಗುಚಿ ಹಿಂಬದಿಯಲ್ಲಿ ಏನೋ ಬರೆದು ಪುಟ್ಟ ಕುಂಡಕ್ಕೆ ಸಿಕ್ಕಿಸಿದಳು. "ಈಗ ಇದನ್ನ ಅಲ್ಲಾಡಿಸಬಾರದು. ಇನ್ನೆರಡು ತಿಂಗಳು ನಿನ್ನ ಹತ್ರವೇ ಇರ್ಲಿ."

"ನನ್ನ ಹತ್ರನಾ?"

ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಇದ್ದದ್ದು ಇಷ್ಟು: 'ನಾನು ಬಂದು ಹಾಕುತ್ತೇನೆ. ನೀನು ನೀರು ಹಾಕಬೇಡ.'

"ಅಕ್ಕ, ಭಾವನ ಗಿಡ ನಾನು..." ಎಂದೆ.

"ಹೋಗ್ಲಿ ಬಿಡು," ಎಂದಳು ಅಕ್ಕ.

ಆ ಒಂದು 'ಬಿಡು' ಮಾತ್ರ ನನಗೆ ಹೇಳಿದ ತಕ್ಷಣ ಅರ್ಥವಾಯಿತು. ಹಿಡಿದಿದ್ದ ಉಸಿರು ಬಿಟ್ಟೆ.