ಹುಲಿಗೆಪ್ಪ ಹೇಳದೆ ಉಳಿಸಿಕೊಂಡ ಮಾತು

ಚಾಕಣದ ಕಾರ್ಖಾನೆಯೊಂದರಲ್ಲಿ ಹೊಸ ಸರ್ವರ್ ಕೋಣೆಯ ಕೆಲಸ ಬಂದಾಗ ಅದರ ಉಸ್ತುವಾರಿ ತನಗೇ ಸಿಗುತ್ತದೆಂದು ಹುಲಿಗೆಪ್ಪ ನಂಬಿಕೊಂಡಿದ್ದ. ಯಾದಗಿರಿ ಕಡೆಯಿಂದ ಪುಣೆಗೆ ಬಂದು ಮೊದಲು ಕೇಬಲ್ಲಿಗೆಂದು ನೆಲ ಅಗೆದವನು ಅವನು. ಆಮೇಲೆ ಗುದ್ದಲಿ ಬಿಟ್ಟು, ಕೂದಲಿನಷ್ಟು ಸಣ್ಣ ಗಾಜಿನ ಎಳೆ ಬೆಸೆಯುವುದನ್ನು ಕಲಿತು ಹದಿನಾಲ್ಕು ವರ್ಷವಾಗಿತ್ತು. ಆದರೆ ಗುತ್ತಿಗೆದಾರ ದೇವಾನಂದ ಉಸ್ತುವಾರಿಯನ್ನು ಯಶ್ಮಿತಾಳಿಗೆ ಕೊಟ್ಟ. ಅವಳಿಗೆ ಇಪ್ಪತ್ತಾರು ವರ್ಷ, ಡಿಪ್ಲೊಮಾ ಓದಿದವಳು. ಮೂಲ ಕುಂದಾಪುರ, ಅಪ್ಪನದು ಹಡಪಸರದಲ್ಲಿ ಹೋಟೆಲು.

ಅವಳು ಜಂಬದವಳಾಗಿದ್ದರೆ ಹುಲಿಗೆಪ್ಪನಿಗೆ ಹಗುರವಾಗುತ್ತಿತ್ತು. ಬಾಯ್ತುಂಬ ಅಣ್ಣ ಅನ್ನುತ್ತಿದ್ದಳು, ಹೋಟೆಲಿನಿಂದ ತಂದ ಗೋಳಿಬಜೆಯ ಪೊಟ್ಟಣ ಮೊದಲು ಅವನ ಮುಂದೆ ಬಿಚ್ಚುತ್ತಿದ್ದಳು. ಕಾರ್ಖಾನೆಯ ಮ್ಯಾನೇಜರ್ ಪೃಥ್ವಿರಾಜ್ ಜತೆ ಅವಳು ಮರಾಠಿ, ಇಂಗ್ಲಿಷು ಎರಡರಲ್ಲೂ ಸಲೀಸಾಗಿ ಮಾತಾಡುವಾಗ ಏಣಿಯ ಮೇಲಿದ್ದ ಹುಲಿಗೆಪ್ಪನ ಕಿವಿ ಅಲ್ಲೇ ನೆಟ್ಟಿರುತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತು ಅವಳ ಮೇಲೆ ದೂರು ಹೇಳಿದರೆ, ಹೆಂಡತಿ ಸಕ್ಕುಬಾಯಿ, “ಹಂಗಾದ್ರ ಹುಡುಗಿ ಭಾಳ ಶ್ಯಾಣೆ ಅದಾಳ” ಎಂದಳು. ಅವನು ಅರ್ಧಕ್ಕೇ ಕೈ ತೊಳೆದ.

ಕೋಣೆಯ ಎರಡು ತುದಿಗಳ ನಡುವಿನ ಉದ್ದನೆಯ ಕೇಬಲ್ ಎಳೆದು, ಪರೀಕ್ಷಿಸಿ ಮುಗಿಸಿದ್ದು ಹುಲಿಗೆಪ್ಪನೇ. ಉಳಿದದ್ದು ಎರಡೂ ತುದಿಗಳಲ್ಲಿ ಯಂತ್ರಗಳಿಗೆ ಜೋಡಿಸುವ ಗಿಡ್ಡ ವೈರುಗಳು, ಪ್ಯಾಚ್ ಕಾರ್ಡುಗಳು. ಒಂದೊಂದು ಕಾರ್ಡಿನಲ್ಲಿ ಎರಡೆರಡು ಎಳೆ: ಒಂದು ಬೆಳಕನ್ನು ಕಳಿಸುತ್ತದೆ, ಇನ್ನೊಂದು ಬರಮಾಡಿಕೊಳ್ಳುತ್ತದೆ. ಈ ತುದಿಯ ಕಳಿಸುವ ಬಾಯಿ ಆ ತುದಿಯ ಪಡೆಯುವ ಬಾಯಿಗೆ ಹೋಗಿ ಸೇರಬೇಕು. ಅದಕ್ಕಾಗಿ ಎಳೆಗಳು ದಾರಿಯಲ್ಲಿ ಮೂರು ಸಲ ಅದಲುಬದಲಾಗಬೇಕಿತ್ತು: ಉದ್ದನೆಯ ಕೇಬಲ್ಲಿನಲ್ಲೊಮ್ಮೆ, ಎರಡು ಕಡೆಯ ಕಾರ್ಡುಗಳಲ್ಲಿ ಒಂದೊಂದು ಸಲ.

ಸೋಮವಾರ ಮಧ್ಯಾಹ್ನ, ಒಂದೊಂದು ತುದಿಗೆ ಒಂದೊಂದರಂತೆ, ಕಾರ್ಡುಗಳ ಎರಡು ಪೆಟ್ಟಿಗೆ ಬಂದವು. ಎರಡನೆಯದರಿಂದ ಒಂದು ಚೀಲ ಒಡೆದ ಕೂಡಲೇ ಹುಲಿಗೆಪ್ಪನಿಗೆ ತಿಳಿಯಿತು. ಆ ಕಾರ್ಡಿನಲ್ಲಿ ಎಳೆಗಳು ಅದಲುಬದಲಾಗದೆ ನೇರವಾಗಿ ಹೋಗಿದ್ದವು. ಅಂಗಡಿಯವರು ಬೇರೆ ಮಾಲು ಕಳಿಸಿದ್ದರು. ಅಷ್ಟರಲ್ಲಿ ಯಶ್ಮಿತಾ ಬಂದು, “ಅಣ್ಣ, ಕಾರ್ಡ್ ಎಲ್ಲ ಸರಿ ಉಂಟಲ್ಲ?” ಎಂದು ಕೇಳಿದಳು.

ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ನಾಳೆ ಕೆಲಸ ನೋಡಲು ಬರುವ ಪೃಥ್ವಿರಾಜನ ಎದುರು ಇವಳ ಮುಖ ಹೇಗಾಗುತ್ತದೆ ನೋಡಬೇಕೆನಿಸಿತು.

“ಸರಿ ಅದಾವ್ರಿ” ಎಂದ.

ಮರುದಿನ ಬೆಳಿಗ್ಗೆ ಪೃಥ್ವಿರಾಜ್ ಬಂದು ನಿಂತ. ನಲವತ್ತೆಂಟು ಜೋಡಣೆಗಳಲ್ಲಿ ಒಂದರಲ್ಲೂ ಹಸಿರು ದೀಪ ಹತ್ತಲಿಲ್ಲ. ಅವನು ಸಿಡುಕಿ, ಮೇಲೆ ಎಳೆದಿರುವ ಉದ್ದನೆಯ ಕೇಬಲ್ಲೇ ಕೆಟ್ಟಿರಬೇಕು, ಕಿತ್ತು ಹೊಸದು ಹಾಕಿ ಎಂದ. ಯಶ್ಮಿತಾಳ ಮುಖ ಬಿಳಿಚಿಕೊಂಡಿತು. ಹುಲಿಗೆಪ್ಪ ಕಾದಿದ್ದ ಗಳಿಗೆ ಅದು. ಆದರೆ ಅವಳು ಮರಾಠಿಯಲ್ಲಿ, ಆ ಕೇಬಲ್ ಹುಲಿಗೆಪ್ಪಣ್ಣನ ಕೈಕೆಲಸ, ಅದು ತಪ್ಪಾಗಿರಲಾರದು, ತಪ್ಪು ನನ್ನ ಜೋಡಣೆಯಲ್ಲೇ ಇರಬೇಕು, ಅರ್ಧ ದಿನ ಕೊಡಿ ಎಂದಳು.

ಹುಲಿಗೆಪ್ಪನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮುಂದೆ ಹೋಗಿ ಎರಡನೆಯ ಪೆಟ್ಟಿಗೆಯ ಒಂದು ಕಾರ್ಡನ್ನು ಹೊರಗೆಳೆದ. ತುದಿಯ ಪ್ಲಾಸ್ಟಿಕ್ ಹಿಡಿಕೆ ಬಿಚ್ಚಿ, ಎರಡು ಮೂತಿಗಳನ್ನು ಅತ್ತಿಂದಿತ್ತ ಮಾಡಿ, ಹಿಡಿಕೆ ಹಾಕಿ ಮತ್ತೆ ಚುಚ್ಚಿದ. ಹಸಿರು ದೀಪ ಹತ್ತಿತು. ಪೃಥ್ವಿರಾಜ್ ಅವನ ಬೆನ್ನು ತಟ್ಟಿ, ಇಂಥವರನ್ನು ಉಸ್ತುವಾರಿಗೆ ಹಾಕಬೇಕೆಂದು ಅಲ್ಲೇ ದೇವಾನಂದನಿಗೆ ಫೋನು ಮಾಡಿದ.

ಉಳಿದ ನಲವತ್ತೇಳನ್ನು ಇಬ್ಬರೂ ನೆಲದ ಮೇಲೆ ಕೂತು ಬದಲಿಸಿದರು. ಎಲ್ಲ ಮುಗಿದ ಮೇಲೆ ಹುಲಿಗೆಪ್ಪ ಬಾಯಿಬಿಟ್ಟ.

“ಮೇಡಂ, ನಿನ್ನೆ ಚೀಲ ಒಡದಾಗನ ನನಗ ಗೊತ್ತಾಗಿತ್ರಿ. ಹೊಟ್ಟಿಕಿಚ್ಚಿಗೆ ಸುಳ್ಳು ಹೇಳಿದೆ.”

ಯಶ್ಮಿತಾ ಕೈಯಲ್ಲಿದ್ದ ಖಾಲಿ ಚೀಲವನ್ನು ಮಡಚುತ್ತ ಕೂತಳು. “ನಿಮ್ಮ ಮಾತು ನಂಬಿ ನಾನು ಚೆಕ್ ಮಾಡ್ಲಿಲ್ಲ ಅಣ್ಣ. ಅದು ನನ್ನದೇ ತಪ್ಪು” ಎಂದು ಎದ್ದು ಹೋದಳು.

ಅವಳು ದೇವಾನಂದನಿಗೆ ಏನೂ ಹೇಳಲಿಲ್ಲ. ತಳೇಗಾಂವದ ಮುಂದಿನ ಕೆಲಸದ ಉಸ್ತುವಾರಿ ಹುಲಿಗೆಪ್ಪನಿಗೆ ಬಂತು. ಯಶ್ಮಿತಾಳನ್ನೂ ತನ್ನ ಜತೆ ಕಳಿಸಿರೆಂದು ಅವನು ಕೇಳಿಕೊಂಡ. ಅವಳು ಹಡಪಸರದಲ್ಲಿ ಶುರುವಾಗಲಿದ್ದ ಇನ್ನೊಂದು ಕೆಲಸವೇ ಸಾಕೆಂದಳಂತೆ.

ತಿಂಗಳ ಮೇಲೆ, ಅವಳು ಹಡಪಸರದ್ದನ್ನು ಎರಡು ದಿನ ಮೊದಲೇ ಮುಗಿಸಿದಳೆಂದು ದೇವಾನಂದ ಎಲ್ಲರೆದುರು ಹೊಗಳಿದ. ಹುಲಿಗೆಪ್ಪನ ಹೊಟ್ಟೆಯಲ್ಲಿ ಮತ್ತದೇ ಕಿಚ್ಚು ಎದ್ದಿತು. ಹೊರಗೆ ಹೋಗಿ ಅವಳಿಗೆ ಫೋನು ಹಚ್ಚಿದ. ಕೆಲಸ ಚಲೋ ಮಾಡಿದಿರಂತೆ ಎಂದ. ಅವಳು, ತಳೇಗಾಂವಕ್ಕೆ ಕಾರ್ಡುಗಳು ಬಂದವೇ, ಈ ಸಲ ಎಲ್ಲ ಸರಿ ಉಂಟಲ್ಲ ಎಂದು ಕೇಳಿದಳು.