ನೂರ ಮೂವತ್ತೈದು ಓಮ್

ಹಳೆಯ ಪೆಟ್ಟಿಗೆಯ ಮುಖಕ್ಕೆ ಸ್ಪಿರಿಟ್ ಹಚ್ಚಿ ಉಜ್ಜುತ್ತಿದ್ದೆ. ಜಿಡ್ಡಿನಡಿಯಿಂದ ಒಂದು ಅಂಕಿ ಎದ್ದು ಬಂತು: 135 ಓಮ್. ಉಜ್ಜುವುದನ್ನು ಅಲ್ಲಿಗೇ ನಿಲ್ಲಿಸಿದೆ.

ಅಳತೆಯ ಯಂತ್ರಗಳನ್ನು ರಿಪೇರಿ ಮಾಡಿ ಹದಿನೆಂಟು ವರ್ಷ ಅನ್ನ ತಿಂದವಳು ನಾನು. ಸ್ವರ ಹೊರಡಿಸುವ ಈ ಪೆಟ್ಟಿಗೆ ಟೆಲಿಫೋನ್ ತಂತಿಗಳ ಕಾಲದ್ದು. ಅದರ ಸ್ವರ ಹೊರಬರುವ ಬಾಯಿಗೆ ಅದು ಕೇಳಿದಷ್ಟೇ ಓಮ್‌ನ ವಿದ್ಯುತ್ ತಡೆ ಕಟ್ಟಬೇಕು. ಆಗ ಮಾತ್ರ ಡಯಲ್ ತೋರಿಸುವುದು ನಿಜ. ಇಂಥವಕ್ಕೆ ಸಾಮಾನ್ಯವಾಗಿ ಆರುನೂರು ಓಮ್. ನಾನೂ ಕಣ್ಣುಮುಚ್ಚಿ ಆರುನೂರನ್ನೇ ಕಟ್ಟಿದ್ದೆ. ನೂರ ಮೂವತ್ತೈದರಂಥ ವಿಚಿತ್ರ ಲೆಕ್ಕದವೂ ಇರುತ್ತವೆಂದು ಗೊತ್ತಿಲ್ಲದವಳೇನಲ್ಲ. ನೋಡಲಿಲ್ಲ, ಅಷ್ಟೇ. ಸೊಕ್ಕು. ಪೆಟ್ಟಿಗೆ ತಾನು ಹೇಳಿದ್ದಕ್ಕಿಂತ ಒಂದೂವರೆ ಪಟ್ಟು ಜೋರಾಗಿ ಕೂಗುತ್ತಿತ್ತು.

ಅದಕ್ಕೆ ಹೋಲಿಸಿ ನಾನು ಸರಿಮಾಡಿ ಕಳಿಸಿದ್ದು ಕಿವಿ ಪರೀಕ್ಷೆಯ ಯಂತ್ರವನ್ನು. ಕಳೆದ ತಿಂಗಳು ಅದೇ ಯಂತ್ರದಲ್ಲಿ ನಮ್ಮಣ್ಣ ಸದ್ದಿನ ಡಯಲ್ಲಿನ ಒಂದೇ ಒಂದು ಮೆಟ್ಟಿಲಿನ ಅಂತರದಲ್ಲಿ ಪಾಸಾಗಿದ್ದ. ಅಣ್ಣ ಬಸ್ ಓಡಿಸುತ್ತಾನೆ; ಕಿವಿ ಪರೀಕ್ಷೆ ಪಾಸಾಗದಿದ್ದರೆ ಆ ಕೆಲಸ ಇಲ್ಲ.

ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಫೋನ್ ಎತ್ತಿದೆ, ಇಟ್ಟೆ. ಅಂಗಡಿಯೊಳಗೇ ನಾಲ್ಕು ಸುತ್ತು ಹೊಡೆದೆ. ನಾನು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆ ಯೋಚನೆ ಬಂದದ್ದಕ್ಕೇ ನನ್ನ ಮೇಲೆ ನನಗೆ ಸಿಟ್ಟು ಬಂತು. ಕೊನೆಗೆ ಕಿವಿ ಡಾಕ್ಟರಿಗೆ ಫೋನ್ ಮಾಡಿದೆ.

"ನಾನು ಕೊಟ್ಟ ಅಳತೆ ತಪ್ಪು ಡಾಕ್ಟ್ರೇ. ಯಂತ್ರ ಹೆಚ್ಚುಕಡಿಮೆ ಒಂದು ಮೆಟ್ಟಿಲು ಜೋರಾಗಿದೆ."

ಅವರು ರಿಜಿಸ್ಟರ್ ತಿರುವಿದ ಸದ್ದು ಕೇಳಿತು. "ಒಂಬತ್ತು ಜನರನ್ನ ನೋಡಿದ್ದೀನಮ್ಮ. ಎಲ್ಲರನ್ನೂ ಮತ್ತೆ ಕರೆಸಬೇಕು. ನೀವು ಮೊದಲು ಬಂದು ಇದನ್ನ ಸರಿ ಮಾಡಿ."

ಮರುದಿನ ಬೆಳಿಗ್ಗೆ ಯಂತ್ರ ಸರಿಮಾಡಿದೆ. ಮೊದಲು ಬಂದವನೇ ಅಣ್ಣ.

"ಊರಲ್ಲಿ ಅಷ್ಟು ಜನ ಇರೋವಾಗ ನನ್ನ ಹೊಟ್ಟೆ ಮೇಲೇ ಹೊಡೀಬೇಕಿತ್ತೇನೇ?"

"ಹೊಡೆದಾಯ್ತು. ಬೈಯೋದಿದ್ರೆ ಬೈದುಬಿಡು."

"ಬೈದ್ರೆ ಕಿವಿ ಚುರುಕಾಗುತ್ತಾ?" ಎಂದು ನಕ್ಕ. ಆ ನಗು ನೋಡಿ ನನಗೆ ಅಳು ಬಂತು.

ಅವನು ಗಾಜಿನ ಕೋಣೆಯೊಳಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತ. ಸದ್ದು ಕೇಳಿದಾಗಲೆಲ್ಲ ಕೈಯಲ್ಲಿದ್ದ ಬಟನ್ ಒತ್ತಬೇಕು. ಒತ್ತಿದರೆ ಯಂತ್ರದ ಮೇಲೆ ದೀಪ ಹತ್ತುತ್ತದೆ. ಡಾಕ್ಟರ ಕೈ ಅವನಿಗೆ ಕಾಣದಂತೆ ಒಂದು ಅಡ್ಡಹಲಗೆ ಇತ್ತು. ಪಕ್ಕದಲ್ಲಿ ನಾನು ಕುಳಿತಿದ್ದೆ.

ಡಾಕ್ಟರು ಸದ್ದು ಇಳಿಸಿದರು. ದೀಪ ಹತ್ತಿತು. ಇನ್ನೂ ಇಳಿಸಿದರು. ಮತ್ತೆ ಹತ್ತಿತು.

"ಪರವಾಗಿಲ್ಲ, ಪಾಸಾಗೋ ಹಾಗಿದ್ದಾರೆ," ಎಂದರು ಮೆಲ್ಲಗೆ.

ನನಗೆ ಹೋದ ಜೀವ ಬಂದಂತಾಯಿತು. ಆಮೇಲೆ ಗಮನಿಸಿದೆ: ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಡಾಕ್ಟರು ಸದ್ದು ಬಿಡುವ ಗುಂಡಿ ಒತ್ತಿದಾಗಲೆಲ್ಲ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಅದನ್ನು ನೋಡಿಕೊಂಡು ಅವನು ಬಟನ್ ಒತ್ತುತ್ತಿದ್ದ.

ಅವನಿಗೆ ಇನ್ನೂ ಐದು ವರ್ಷ ಸರ್ವೀಸ್ ಇತ್ತು. ಅವನ ಬಸ್ಸಿನಲ್ಲಿ ದಿನಾ ನಲವತ್ತು ಜನ ಕೂರುತ್ತಾರೆ.

ನಾನು ಕುರ್ಚಿ ತಿರುಗಿಸಿ ಅಣ್ಣನಿಗೆ ಬೆನ್ನು ಹಾಕಿ ಕುಳಿತೆ. ಡಾಕ್ಟರು ಗುಂಡಿ ಒತ್ತಿದರು. ಸ್ವಲ್ಪ ತಡೆದು ಇನ್ನೊಮ್ಮೆ ಒತ್ತಿದರು.

"ದೀಪ ಹತ್ತಲಿಲ್ಲಮ್ಮ," ಎಂದರು.